ಹಳೇ ಟಾರಿನ ಮೇಲೆ ಪಿವಿಸಿ ಶೀಟ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ತಾರಸಿಯ ಹೊದಿಕೆ ಬದಲಾಯಿಸಬೇಕು ಅಂತ ಇರುವವರು ದಯವಿಟ್ಟು ಪೂರ್ತಿ ಓದಿ. ಕಂಟ್ರಾಕ್ಟರ್ ನಿಮಗೆ "ಕೆಳಗಿರೋ ಟಾರು ಹಾಗೇ ಇರಲಿ ಸಾರ್, ಅದು ಎಕ್ಸ್‌ಟ್ರಾ ಸೇಫ್ಟಿ" ಅಂದರೆ ಮಾತು ಅಲ್ಲೇ ನಿಲ್ಲಿಸಿ. ನನಗೆ ಹೇಳಿದ್ದೂ ಇದನ್ನೇ. ಈಗ ನಮ್ಮ ಸೀಲಿಂಗ್ ತುಂಬಾ ಕಂದು ಕಲೆ, ಮಳೆ ಬಂದರೆ ಕೆಳಗೆ ಬಕೆಟ್.

ನಮ್ಮ ತಾರಸಿ ಮೇಲೆ ಹಳೇ ಟಾರು ಶೀಟ್ ಇತ್ತು, ಬೆಂಕಿ ಹೊಡೆದು ಅಂಟಿಸುತ್ತಾರಲ್ಲ, ಅದು. ಅಲ್ಲಲ್ಲಿ ಬಿರುಕು, ಅಲ್ಲಲ್ಲಿ ಗುಳ್ಳೆ. ಆಯ್ಕೆಗಳು ನಿಮಗೂ ಗೊತ್ತಿರುವವೇ: ಮತ್ತೆ ಟಾರು ಶೀಟ್, ಇಪಿಡಿಎಂ ಅನ್ನುವ ಕಪ್ಪು ರಬ್ಬರ್ ಹಾಳೆ, ಪಿವಿಸಿ ಅಥವಾ ಟಿಪಿಒ ಅನ್ನುವ ಪ್ಲಾಸ್ಟಿಕ್ ಹಾಳೆ, ಇಲ್ಲಾಂದ್ರೆ ಬ್ರಷ್‌ನಲ್ಲಿ ಬಳಿಯುವ ಕೋಟಿಂಗ್. ನೀರು ನಿಲ್ಲುವ ಜಾಗ ಇದ್ದಿದ್ದರಿಂದ ಅಕ್ರಿಲಿಕ್ ಕೋಟಿಂಗ್ ಬೇಡ ಅಂತ ಮೊದಲೇ ಬಿಟ್ಟಿದ್ದೆ. ನನ್ನ ಮನಸ್ಸು ರಬ್ಬರ್ ಹಾಳೆ ಕಡೆ ಇತ್ತು. ಕಂಟ್ರಾಕ್ಟರ್ "ಕಪ್ಪು ಬಿಸಿಲು ಎಳ್ಕೊಳ್ಳುತ್ತೆ ಸಾರ್, ಬಿಳೀ ಪಿವಿಸಿ ತಗೊಳ್ಳಿ, ಜಾಯಿಂಟ್‌ಗೆ ಅಂಟಿನ ಕೆಲಸವೇ ಇಲ್ಲ, ಬಿಸಿಗಾಳಿಯಲ್ಲಿ ಕರಗಿಸಿ ಒಂದೇ ಮಾಡಿಬಿಡ್ತೀವಿ" ಅಂದರು. ಅದರಲ್ಲಿ ಸುಳ್ಳೇನೂ ಇಲ್ಲ. ತೊಂದರೆ ಇರುವುದೇ ಅಲ್ಲಿ, ಹೇಳಿದ್ದೆಲ್ಲ ನಿಜ, ಹೇಳಬೇಕಾದ್ದು ಮಾತ್ರ ಹೇಳಲಿಲ್ಲ.

ಪಿವಿಸಿ ಹುಟ್ಟಾ ಗಟ್ಟಿ ವಸ್ತು. ನಲ್ಲಿ ಪೈಪು ನೋಡಿದ್ದೀರಲ್ಲ. ಅದು ಹಾಳೆಯ ಹಾಗೆ ಬಳುಕಬೇಕು ಅಂದರೆ ಪ್ಲಾಸ್ಟಿಸೈಜರ್ ಅಂತ ಒಂದನ್ನು ಬೆರೆಸುತ್ತಾರೆ. ಆ ಹಾಳೆ ನೇರವಾಗಿ ಟಾರಿಗೆ ತಾಗಿಕೊಂಡು ಕೂತರೆ ಈ ಪ್ಲಾಸ್ಟಿಸೈಜರ್ ನಿಧಾನವಾಗಿ ಟಾರಿಗೆ ಹೋಗಿಬಿಡುತ್ತದೆ. ಹಾಳೆ ಬಿರುಸಾಗುತ್ತದೆ, ಕುಗ್ಗುತ್ತದೆ, ಸೀಳುತ್ತದೆ. ಅದಕ್ಕೇ ಟಾರು ಕಿತ್ತು ತೆಗೆಯಬೇಕು, ಇಲ್ಲಾ ಮಧ್ಯೆ ಫ್ಲೀಸ್ ಬಟ್ಟೆಯಂಥ ಪದರ ಹಾಸಬೇಕು. ಈ ಕೆಲಸ ಮಾಡುವ ಯಾರಿಗೂ ಇದು ಗೊತ್ತಿಲ್ಲದ ವಿಷಯ ಅಲ್ಲ.

ಅವರ ಮಾತು ಕೇಳಿ ಪಿವಿಸಿಯನ್ನೇ ಹಾಕಿಸಿದೆ. ತೊಂದರೆ ಮೊದಲು ಗೋಡೆ ಬುಡದಲ್ಲಿ ಶುರುವಾಯಿತು. ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ ಶೀಟ್ ನೆಲ ಬಿಟ್ಟು ತಮಟೆ ಚರ್ಮದ ಹಾಗೆ ಬಿಗಿದು ನಿಂತಿತ್ತು. ಫೋಟೋ ಕಳಿಸಿದೆ. "ಬಿಸಿಲಿಗೆ ಸ್ವಲ್ಪ ಟೈಟ್ ಆಗುತ್ತೆ ಸಾರ್, ಮಳೆ ಬಂದ್ರೆ ಸರಿಹೋಗುತ್ತೆ." ಮಳೆ ಬಂತು. ಮೂಲೆ ಸೀಳಿ ನೀರು ಒಳಗೆ ಇಳಿಯಿತು. ಮತ್ತೆ ಫೋನ್ ಮಾಡಿದರೆ "ಮೇಲೆ ಯಾರಾದ್ರೂ ಜಾಸ್ತಿ ಓಡಾಡಿದ್ರಾ ಸಾರ್?" ಅಂತ ನನ್ನನ್ನೇ ಕೇಳಿದರು! ನಮ್ಮ ತಾರಸಿ ಮೇಲೆ ನಾವು ಓಡಾಡಿದ್ದೇ ತಪ್ಪಂತೆ.

ಆಮೇಲೆ ಶೀಟ್ ಕಂಪನಿಯಿಂದ ಒಬ್ಬರು ನೋಡಲು ಬಂದರು. ಅವರು ಜಾಸ್ತಿ ಮಾತಾಡಲಿಲ್ಲ. ಬ್ಲೇಡ್‌ನಲ್ಲಿ ಅಂಗೈ ಅಗಲ ಕತ್ತರಿಸಿ ತಿರುವಿ ನೋಡಿದರು, ಅಡಿಭಾಗ ಪೂರ್ತಿ ಕಂದು. ಬಗ್ಗಿಸಿದರೆ ಲಟಕ್ ಅಂತ ಮುರಿಯಿತು. "ಮಧ್ಯದ ಫ್ಲೀಸ್ ಎಲ್ಲಿ?" ಅಂತ ಕೇಳಿದರು. ನಾನು ಕೆಳಗೆ ಹೋಗಿ ಬಿಲ್ ತಂದೆ, ಇದೆಯಲ್ಲ, ಇಲ್ಲಿ ಬರೆದಿದೆಯಲ್ಲ, ಸೆಪರೇಶನ್ ಲೇಯರ್, ಅಂದರೆ ಅದೇ ಫ್ಲೀಸ್, ಇಡೀ ತಾರಸಿ ಅಳತೆಗೆ ಲೆಕ್ಕ ಹಾಕಿದ್ದಾರೆ, ದುಡ್ಡೂ ಕೊಟ್ಟಾಗಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದೇನೆ, ಅವರು ಬಿಲ್ ನೋಡುತ್ತಾರೆ, ಕತ್ತರಿಸಿದ ತೂತು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. ಬಿಲ್ಲಿನಲ್ಲಿ ಇದೆ, ತಾರಸಿಯಲ್ಲಿ ಇಲ್ಲ! ಮನೆಯವರೆಲ್ಲ ಪಕ್ಕದಲ್ಲೇ ನಿಂತಿದ್ದರು. ಆ ಕ್ಷಣ ಎಲ್ಲಿ ಮುಖ ಇಟ್ಟುಕೊಳ್ಳುವುದು ಹೇಳಿ.

ಕಂಪನಿ ಉತ್ತರ ಚುಟುಕು. ಅಳವಡಿಕೆ ನಮ್ಮ ನಿಯಮದಂತೆ ಆಗಿಲ್ಲ, ಆದ್ದರಿಂದ 10 ವರ್ಷದ ವಾರಂಟಿ ಅನ್ವಯಿಸುವುದಿಲ್ಲ. ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ. "ವಾರಂಟಿ ಶೀಟ್‌ಗೆ ಸಾರ್, ಕೆಲಸಕ್ಕಲ್ಲ. ಕಂಪನಿಯವರನ್ನೇ ಕೇಳಿ." ಸರಿ, ಫ್ಲೀಸ್ ದುಡ್ಡು ಎಲ್ಲಿ ಹೋಯಿತು ಅಂದೆ. "ಹುಡುಗರು ಮರೆತಿರಬೇಕು." ಮರೆಯಲು ಅದೇನು ಸ್ಕ್ರೂ ಡ್ರೈವರಾ? ಇಡೀ ತಾರಸಿಗೆ ಹಾಸುವಷ್ಟು ಬಟ್ಟೆ, ರೋಲುಗಟ್ಟಲೆ, ಅದನ್ನು ಮರೆಯುತ್ತಾರಾ? ತಂದೇ ಇಲ್ಲ, ಅಷ್ಟೇ. ಬಹುವಚನ ಕೊಟ್ಟಿದ್ದು ಸಾಕು, ಇನ್ನು ಅವನು ಅಂತಲೇ ಬರೆಯುತ್ತೇನೆ.

ನೀವು ಮಾಡಬೇಕಾದ್ದು ಇಷ್ಟು. ಕೆಳಗೆ ಏನಿದೆ ಅಂತ ತಿಳಿದುಕೊಂಡು ಆಮೇಲೆ ಮೇಲಿನದ್ದು ಆರಿಸಿ. ಪಿವಿಸಿ ಮಾತ್ರ ಅಲ್ಲ, ರಬ್ಬರ್ ಹಾಳೆಗೂ ಟಾರು, ಎಣ್ಣೆ ಆಗಿಬರುವುದಿಲ್ಲ. ಮತ್ತೆ ಟಾರು ಶೀಟೇ ಹಾಕಿಸುವುದಾದರೆ ಬಿಸಿಲಿಗೆ ತೆರೆದಿರುವ ಕಡೆ ಮೇಲೆ ಕಲ್ಲಿನ ಚೂರು ಅಂಟಿಸಿದ್ದೇ ಬೇಕು, ಬರೀ ಕಪ್ಪು ಶೀಟ್ ಅಲ್ಲ. ಹಳೇ ಪದರ ನೆನೆದಿದ್ದರೆ ಯಾವ ಹೊಸ ಹೊದಿಕೆಯೂ ಬೇಡ, ಮೊದಲು ಕಿತ್ತು ತೆಗೆಸಿ, ಒಳಗೆ ಸಿಕ್ಕಿಕೊಂಡ ನೀರು ಬಿಸಿಲಿಗೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಕಂಪನಿಯ ಡೇಟಾ ಶೀಟ್, ಅಂದರೆ ಹಾಳೆಯ ವಿವರ ಬರೆದಿರುವ ಕಾಗದ, ನೀವೇ ತರಿಸಿ ಓದಿ, ಕಂಟ್ರಾಕ್ಟರ್ ಓದಿ ಹೇಳುತ್ತೇನೆ ಅಂದರೂ ಕೇಳಬೇಡಿ. ಕೆಲಸಕ್ಕೆ ಬೇರೆ ವಾರಂಟಿ, ಬರಹದಲ್ಲಿ. ಮತ್ತೆ ಒಂದು ಪದರ ಹಾಸಿದ ಮೇಲೆ ನೀವೇ ಹತ್ತಿ ಫೋಟೋ ತೆಗೆಯದೆ ಮುಂದಿನ ಪದರ ಹಾಸಲು ಬಿಡಬೇಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೊನ್ನೆ ಅವನಿಂದ ಮೆಸೇಜ್ ಬಂತು, ಕೊನೆಗೂ ದುಡ್ಡು ವಾಪಸ್ ಕೊಡುತ್ತಾನೇನೋ ಅಂತ ತೆಗೆದು ನೋಡಿದರೆ ಹೊಸ ಕೊಟೇಶನ್. ಈ ಸಲ ಟಿಪಿಒ. ಹಳೇ ಶೀಟ್ ಕೀಳುವುದಕ್ಕೆ ಚಾರ್ಜು ಬೇರೆ. ಸೆಪರೇಶನ್ ಲೇಯರ್ ಈ ಸಲವೂ ಬರೆದಿದ್ದಾನೆ.