ವಿಕಿಮೀಡಿಯ ಕಾಮನ್ಸ್: ಆರೋಗ್ಯದ ಭಿತ್ತಿಪತ್ರಕ್ಕೆ ಚಿತ್ರ ಹುಡುಕುವವರಿಗಾಗಿ ಒಂದು ವಿಮರ್ಶೆ

ಬಾಗೇಪಲ್ಲಿ ತಾಲ್ಲೂಕಿನ ಹಳ್ಳಿಗಳಲ್ಲಿ ಫ್ಲೋರೈಡ್ ನೀರಿನ ಬಗ್ಗೆ ತಿಳಿವಳಿಕೆ ಕೊಡುವ ನಮ್ಮ ಸಣ್ಣ ತಂಡವು ಎರಡು ವರ್ಷಗಳಿಂದ ತನ್ನ ಭಿತ್ತಿಪತ್ರಗಳ ಬಹುಪಾಲು ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್ ಎಂಬ ಉಚಿತ ಚಿತ್ರಭಂಡಾರದಿಂದ ತೆಗೆದುಕೊಳ್ಳುತ್ತಿದೆ. ನಿವೃತ್ತ ಶಾಲಾ ಶಿಕ್ಷಕನಾದ ನನ್ನ ಪಾಲಿಗೆ ಬಂದಿರುವುದು ಆ ಚಿತ್ರಗಳನ್ನು ಆರಿಸುವ ಕೆಲಸ. ಆ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಚಿತ್ರ ತೆಗೆದುಕೊಳ್ಳುವವರಿಗೆ ಈ ಸೇವೆ ಬಹಳ ಒಳ್ಳೆಯದು. ತಮ್ಮ ಊರಿನ ರೋಗಿಗಳ ಚಿತ್ರವನ್ನು ಅದಕ್ಕೆ ಕೊಡಲು ಹೊರಟವರು ಮಾತ್ರ ಮೊದಲು ಒಂದು ದಿನ ಕುಳಿತು ಯೋಚಿಸಬೇಕು.

ಹೊರಗಿನ ಚಿತ್ರ ಹುಡುಕುವ ಅಗತ್ಯ ನಮಗೆ ಏಕೆ ಬಂತೆಂಬುದನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ನಮ್ಮ ಮೊದಲ ಭಿತ್ತಿಪತ್ರಕ್ಕೆ ನಾವೇ ಒಂದು ಶಾಲೆಯಲ್ಲಿ ಚಿತ್ರ ತೆಗೆದಿದ್ದೆವು. ಹಲ್ಲಿನ ಮೇಲೆ ಕಂದು ಪಟ್ಟಿಗಳಿದ್ದ ಒಬ್ಬ ಹುಡುಗಿ ನಗುತ್ತಿದ್ದ ಚಿತ್ರವದು. ಮುಖ್ಯೋಪಾಧ್ಯಾಯರ ಅನುಮತಿ ಕೇಳಿದ್ದೆವು, ಹುಡುಗಿಯನ್ನೂ ಕೇಳಿದ್ದೆವು, ಮನೆಯವರನ್ನು ಕೇಳಿರಲಿಲ್ಲ. ಭಿತ್ತಿಪತ್ರ ಸಂತೆಯ ಗೋಡೆಗೆ ಬಂದ ವಾರದಲ್ಲೇ ಆಕೆಯ ತಾಯಿ ನಮ್ಮ ಮನೆ ಬಾಗಿಲಿಗೆ ಬಂದು, "ಮೇಷ್ಟ್ರೇ, ನಮ್ಮ ಹುಡುಗಿ ಮುಖಾನ ಗೋಡೆಗೆ ಅಂಟಿಸಿದೀರಲ್ಲ, ನಾಳೆ ಸಂಬಂಧ ಕೇಳ್ಕೊಂಡು ಬರೋರು ಇದನ್ನೇ ತಾನೆ ನೋಡೋದು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆಯೇ ಎಲ್ಲ ಪ್ರತಿಗಳನ್ನು ಕಿತ್ತು ತಂದೆವು. ಆದರೆ ಆ ವೇಳೆಗಾಗಲೇ ಮೊಬೈಲಿನಲ್ಲಿ ತೆಗೆದ ಅದರ ಚಿತ್ರಗಳು ಎರಡು ಮೂರು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದ್ದವು. ಅವನ್ನು ಕಿತ್ತು ತರುವ ದಾರಿ ನಮಗೆ ತಿಳಿಯಲಿಲ್ಲ.

ಅನಂತರ ಸಹಜವಾಗಿ ಗೂಗಲ್ ಕಡೆಗೆ ತಿರುಗಿದೆವು. ಅಲ್ಲಿ ಕಾಣುವ ಚಿತ್ರಗಳೆಲ್ಲ ಗೂಗಲ್‌ನವಲ್ಲ, ಉಚಿತವೂ ಅಲ್ಲ ಎಂಬುದು ನಮ್ಮ ಕಡೆಯ ಎಷ್ಟೋ ಸಂಸ್ಥೆಗಳಿಗೆ ಇಂದಿಗೂ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಛಾಯಾಚಿತ್ರದ ಮೇಲಿನ ಹಕ್ಕು ಅದನ್ನು ತೆಗೆದವರು ಬದುಕಿರುವವರೆಗೆ, ಅನಂತರ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಉಳಿಯುತ್ತದೆ. ತರಗತಿಯ ಪಾಠದ ನಡುವೆ ಶಿಕ್ಷಕರು ಚಿತ್ರ ಬಳಸಲು ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆಯಾದರೂ, ಸಾವಿರ ಪ್ರತಿ ಮುದ್ರಿಸಿ ಊರೂರಿಗೆ ಹಂಚುವ ಕರಪತ್ರಕ್ಕೂ ಅದು ಸಲ್ಲುತ್ತದೆಂದು ನಂಬಿ ಕೂರುವಂತಿಲ್ಲ. "ನಾವು ಲಾಭಕ್ಕೆ ಮಾಡುತ್ತಿಲ್ಲವಲ್ಲ" ಎಂಬ ಮಾತು ಕೇಳಲು ಚೆನ್ನಾಗಿದೆ. ಅನುಮತಿಯ ಜಾಗದಲ್ಲಿ ಅದು ನಿಲ್ಲುವುದಿಲ್ಲ.

ಕಾಮನ್ಸ್ ನಮ್ಮ ಕೈಹಿಡಿದದ್ದು ಇಲ್ಲಿಯೇ. 2004ರಿಂದ ನಡೆಯುತ್ತಿರುವ ಈ ಭಂಡಾರದಲ್ಲಿ ಪ್ರತಿಯೊಂದು ಚಿತ್ರದ ಪುಟದಲ್ಲೂ ಅದನ್ನು ತೆಗೆದವರು ಯಾರು, ಎಲ್ಲಿಂದ ಬಂತು, ಯಾವ ಪರವಾನಗಿಯಡಿ ಬಳಸಬಹುದು ಎಂಬುದು ನಮೂದಾಗಿರುತ್ತದೆ. ಕೆಲವು ಚಿತ್ರಗಳು ಸಾರ್ವಜನಿಕ ಸ್ವತ್ತು, ಅಂದರೆ ಯಾರ ಕೃತಿಸ್ವಾಮ್ಯಕ್ಕೂ ಒಳಪಡದವು. ಉಳಿದವುಗಳಲ್ಲಿ ಬಹಳಷ್ಟು ಕ್ರಿಯೇಟಿವ್ ಕಾಮನ್ಸ್ ಎಂಬ, ಕೆಲವು ಷರತ್ತುಗಳ ಮೇಲೆ ಬಳಕೆಗೆ ಬಿಡುವ ಸಿದ್ಧ ಪರವಾನಗಿಯವು. ಅವುಗಳಿಗೆ ಚಿತ್ರ ತೆಗೆದವರ ಹೆಸರು ಹಾಕಬೇಕು, ಪರವಾನಗಿಯನ್ನು ಸೂಚಿಸಬೇಕು, ಕತ್ತರಿಸಿಯೋ ಬಣ್ಣ ತಿದ್ದಿಯೋ ಬದಲಾಯಿಸಿದ್ದರೆ ಅದನ್ನೂ ತಿಳಿಸಬೇಕು. ಕೆಲವು ಪರವಾನಗಿಗಳು, ನೀವು ಬದಲಿಸಿ ಮಾಡಿದ ಹೊಸ ಚಿತ್ರವನ್ನೂ ಅದೇ ಷರತ್ತಿನಲ್ಲಿ ಇತರರಿಗೆ ಬಿಟ್ಟುಕೊಡಬೇಕೆನ್ನುತ್ತವೆ. ಹೆಸರು ಹಾಕಬೇಕಾದ ಸಾಲನ್ನು ಪುಟವೇ ಸಿದ್ಧಪಡಿಸಿ ಕೊಡುವುದರಿಂದ ಕಾನೂನು ಓದದ ನನ್ನಂಥವರೂ ತಪ್ಪದೆ ನಕಲಿಸಿಕೊಳ್ಳಬಹುದು. ಕ್ರಿಯೇಟಿವ್ ಕಾಮನ್ಸ್‌ನ 4.0 ಆವೃತ್ತಿಯ ಪರವಾನಗಿಯಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಅಂಶವಿದೆ: ಅಕಸ್ಮಾತ್ ಷರತ್ತು ಮೀರಿದ್ದರೂ, ತಪ್ಪು ಗಮನಕ್ಕೆ ಬಂದ 30 ದಿನಗಳೊಳಗೆ ತಿದ್ದಿಕೊಂಡರೆ ಹಕ್ಕು ಮತ್ತೆ ಊರ್ಜಿತವಾಗುತ್ತದೆ.

ಹಲ್ಲಿನ ಫ್ಲೋರೋಸಿಸ್‌ಗೆ, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಬೀಳುವ ಕಲೆಗೆ, ಅಲ್ಲಿ ಸಿಕ್ಕ ಚಿತ್ರಗಳು ಸಂಖ್ಯೆಯಲ್ಲಿ ಹೆಚ್ಚಿರಲಿಲ್ಲ, ಆದರೆ ನಮ್ಮ ಕೆಲಸಕ್ಕೆ ತಕ್ಕಂತಿದ್ದವು. ತುಟಿ ಸರಿಸಿ ಹಲ್ಲುಗಳನ್ನಷ್ಟೇ ಹತ್ತಿರದಿಂದ ತೆಗೆದ ಚಿತ್ರಗಳವು. ಯಾರ ಹಲ್ಲೆಂದು ಗುರುತಾಗುವುದಿಲ್ಲ, ಬಿಳಿ ಮಚ್ಚೆಯಿಂದ ಕಂದು ಕಲೆಯವರೆಗಿನ ಹಂತಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ನಮ್ಮ ಸಂದೇಶಕ್ಕೆ ಬೇಕಿದ್ದದ್ದೂ ಅಷ್ಟೇ. ಈ ಕಲೆ ಬೀಳುವುದು ಹಲ್ಲಿನ ಹೊರಪದರ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ, ಸರಿಸುಮಾರು ಮೊದಲ ಎಂಟು ವರ್ಷಗಳಲ್ಲಿ, ಉಜ್ಜಿದರೆ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ ಎಂದು ಭಾರತೀಯ ಮಾನಕ ಹೇಳುತ್ತದೆ. ಇಷ್ಟನ್ನು ತಾಯಂದಿರಿಗೆ ವಿವರಿಸಲು ಯಾವ ಮಗುವಿನ ಕಣ್ಣೂ ಮೂಗೂ ಬೇಕಾಗಿಲ್ಲವೆಂಬುದು ನಮಗೆ ಹೊಳೆದದ್ದು ಈ ಚಿತ್ರಗಳನ್ನು ನೋಡಿದ ಮೇಲೆ.

ಮುದ್ರಣದ ಬಗ್ಗೆ ಒಂದು ಮಾತು. ಎ3 ಅಳತೆಯ ಹಾಳೆಯನ್ನು ತುಂಬುವ ಚಿತ್ರ ಅಚ್ಚುಕಟ್ಟಾಗಿ ಬರಬೇಕಾದರೆ ಸುಮಾರು 3,500ಕ್ಕೆ 5,000 ಪಿಕ್ಸೆಲ್ ಬೇಕು. ಕಾಮನ್ಸ್‌ನಲ್ಲಿ ಮೂಲ ಗಾತ್ರದ ಕಡತವನ್ನೇ ಇಳಿಸಿಕೊಳ್ಳಬಹುದು, ಅಳತೆಯನ್ನೂ ಅಲ್ಲೇ ತೋರಿಸಿರುತ್ತಾರೆ.

ಹುಡುಕಾಟ ಅಷ್ಟು ಸಲೀಸಲ್ಲ. ಕನ್ನಡದಲ್ಲಿ ಪದ ಕೊಟ್ಟರೆ ಬರುವ ಫಲಿತಾಂಶ ತೀರ ಕಡಿಮೆ, ಇಂಗ್ಲಿಷಿನ ವೈದ್ಯಕೀಯ ಪದವನ್ನೇ ಕೊಡಬೇಕಾಗುತ್ತದೆ. ಚಿತ್ರದ ಕೆಳಗೆ ಯಾವ ಭಾಷೆಯಲ್ಲಾದರೂ ಚಿಕ್ಕ ಶೀರ್ಷಿಕೆ ಸೇರಿಸುವ ಅವಕಾಶ 2019ರಿಂದ ಇದೆ. ಬಳಸಿದ ಪ್ರತಿಯೊಂದು ಚಿತ್ರಕ್ಕೂ ನಾನು ಕನ್ನಡ ಶೀರ್ಷಿಕೆ ಬರೆದು ಬರುತ್ತಿದ್ದೇನೆ. ಪಾವಗಡದಲ್ಲೋ ಮುಳಬಾಗಿಲಿನಲ್ಲೋ ಇದೇ ಕೆಲಸಕ್ಕೆ ಕುಳಿತ ಇನ್ನೊಬ್ಬರಿಗೆ ಅದು ಸಿಗಲಿ ಎಂಬ ಆಸೆ ನನ್ನದು.

ಹೋಲಿಕೆಗಾಗಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ನಡೆಸುವ ಪಬ್ಲಿಕ್ ಹೆಲ್ತ್ ಇಮೇಜ್ ಲೈಬ್ರರಿಯನ್ನೂ ಬಳಸಿ ನೋಡಿದೆ. ಅಲ್ಲಿನ ಹೆಚ್ಚಿನ ಚಿತ್ರಗಳು ಸಾರ್ವಜನಿಕ ಸ್ವತ್ತು. ಕೆಲವಕ್ಕೆ ಕೃತಿಸ್ವಾಮ್ಯವಿದ್ದು, ಆ ವಿಷಯ ಆಯಾ ಚಿತ್ರದ ಜೊತೆಯಲ್ಲೇ ಇರುತ್ತದೆ. ಸೊಳ್ಳೆ, ಸೂಕ್ಷ್ಮಾಣು, ಕೈ ತೊಳೆಯುವ ವಿಧಾನ ಇಂಥವಕ್ಕೆ ಅದಕ್ಕಿಂತ ಒಳ್ಳೆಯ ಮೂಲವನ್ನು ನಾನು ಕಂಡಿಲ್ಲ. ಆದರೆ ಅದೇ ಭಂಡಾರದಲ್ಲಿ, ತೀವ್ರ ಸ್ವರೂಪದ ಸಿಡುಬು ಸಹಜವಾಗಿ ತಗುಲಿದ ಕೊನೆಯ ರೋಗಿಯೆಂದು ದಾಖಲಾದ, 1975ರ ಬಾಂಗ್ಲಾದೇಶದ ಒಬ್ಬ ಪುಟ್ಟ ಹುಡುಗಿಯ ಚಿತ್ರವೂ ಹೆಸರಿನ ಸಮೇತ ಇದೆ. ಚರಿತ್ರೆಗೆ ಅದು ಬೇಕೆಂಬುದನ್ನು ಒಪ್ಪುತ್ತೇನೆ. ಆದರೂ ಅದನ್ನು ನೋಡಿದಾಗಲೆಲ್ಲ, ಬೇಡವೆನ್ನಲು ತಿಳಿಯದ ವಯಸ್ಸಿನಲ್ಲಿ ತೆಗೆದ ಆ ಚಿತ್ರ ಜೀವಮಾನವಿಡೀ ತನ್ನ ಹಿಂದೆ ಬಂದುದನ್ನು ಆಕೆ ಹೇಗೆ ಸಹಿಸಿಕೊಂಡಿರಬಹುದು ಎಂದು ಮನಸ್ಸು ಕೇಳುತ್ತದೆ, ಸಂತೆಯ ಗೋಡೆ ನೆನಪಾಗುತ್ತದೆ.

ಈ ಎರಡೂ ಸೇವೆಗಳನ್ನು ಬಳಸುವವರು ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಪರವಾನಗಿ ಕೊಡುವವರು ಚಿತ್ರ ತೆಗೆದವರೇ ಹೊರತು ಚಿತ್ರದಲ್ಲಿರುವವರಲ್ಲ. ಗುರುತು ಸಿಗುವ ವ್ಯಕ್ತಿಗಳಿರುವ ಎಷ್ಟೋ ಚಿತ್ರಗಳ ಪುಟದಲ್ಲಿ ಕಾಮನ್ಸ್ ಈ ಎಚ್ಚರಿಕೆಯನ್ನು ಹಾಕಿರುತ್ತದೆ, ಆದರೆ ಆ ವ್ಯಕ್ತಿಯನ್ನು ಕೇಳಿದ್ದಾರೆಯೇ ಎಂಬುದಕ್ಕೆ ಹೊಣೆಯಾಗುವುದಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ನಿಂತ ಒಬ್ಬ ಮಹಿಳೆಯ ಚಿತ್ರವನ್ನು ಯಾವ ಷರತ್ತೂ ಮೀರದೆ ತಂದು ಕ್ಷಯರೋಗದ ಕರಪತ್ರಕ್ಕೆ ಹಾಕಿಬಿಟ್ಟರೆ, ಆಕೆಗೆ ಇಲ್ಲದ ರೋಗವನ್ನು ನಾವೇ ಅಂಟಿಸಿದಂತಾಗುತ್ತದೆ. ಎಚ್‌ಐವಿಯ ವಿಷಯದಲ್ಲಂತೂ ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಬಯಲು ಮಾಡುವುದನ್ನು 2017ರ ಕಾಯ್ದೆಯೇ ನಿರ್ಬಂಧಿಸುತ್ತದೆ. ಮುಖ ಕಾಣುವ ಚಿತ್ರವನ್ನು ಬಳಸಲೇಬೇಕಾದಾಗ ನಾವು ಈಗ ಕೆಳಗೊಂದು ಸಾಲು ಸೇರಿಸುತ್ತೇವೆ: "ಚಿತ್ರ ವಿವರಣೆಗಾಗಿ ಮಾತ್ರ, ಇದರಲ್ಲಿರುವವರಿಗೆ ಈ ಕಾಯಿಲೆ ಇದೆ ಎಂದು ಅರ್ಥವಲ್ಲ."

ಇನ್ನು ಚಿತ್ರ ಕೊಡುವ ಕಡೆಯ ಮಾತು. ಲಾಭರಹಿತ ಬಳಕೆಗೆ ಮಾತ್ರ ಎಂಬ ಷರತ್ತಿನ ಚಿತ್ರಗಳನ್ನು ಕಾಮನ್ಸ್ ಸ್ವೀಕರಿಸುವುದಿಲ್ಲ. ಅಲ್ಲಿಗೆ ಏರಿಸಿದ ಚಿತ್ರವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಬಾಗೇಪಲ್ಲಿಯ ಒಂದು ಮಗುವಿನ ಮುಖವನ್ನು ಒಳ್ಳೆಯ ಉದ್ದೇಶದಿಂದಲೇ ನಾವು ಅಲ್ಲಿಗೆ ಏರಿಸಿದೆವೆನ್ನಿ. ನಾಳೆ ಅದು ಯಾವುದೋ ಹಲ್ಲುಪುಡಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡರೆ ಪರವಾನಗಿಯನ್ನು ತೋರಿಸಿ ತಡೆಯಲಾರೆವು. ಆ ತಾಯಿಗೆ ಇದನ್ನು ಬಿಡಿಸಿ ಹೇಳದೆ ಪಡೆದ ಹೆಬ್ಬೆಟ್ಟಿನ ಗುರುತು ಒಪ್ಪಿಗೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಯರ ಒಪ್ಪಿಗೆಯನ್ನು ಕೇಳುತ್ತದೆ. ಲಾಭರಹಿತ ಬಳಕೆಗೆ ಸೀಮಿತವಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಬೇರೆ ಇದೆ, ಆದರೆ ಅದನ್ನು ಬಯಸುವವರು ಬೇರೆ ಜಾಗ ನೋಡಿಕೊಳ್ಳಬೇಕು.

ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ದಿನಾಂಕ, ಸಮಯ, ಕೆಲವೊಮ್ಮೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶವೂ ಅಡಗಿರುತ್ತವೆ, ಮತ್ತು ಕಾಮನ್ಸ್ ಅವನ್ನು ಪುಟದ ಕೆಳಭಾಗದಲ್ಲಿ ಎಲ್ಲರಿಗೂ ತೋರಿಸುತ್ತದೆ. ಮುಖವನ್ನು ಮರೆಮಾಡಿ ಮನೆಯ ದಾರಿಯನ್ನು ತೋರಿಸಿಕೊಟ್ಟರೆ ಬಂದ ಲಾಭವೇನು? ಏರಿಸುವ ಮುನ್ನ ಸ್ಥಳದ ಮಾಹಿತಿಯನ್ನು ಅಳಿಸಲೇಬೇಕು.

ಹೀಗೆಲ್ಲ ಯೋಚಿಸಿದ ಮೇಲೆ ನಮ್ಮ ತಂಡ ಕಾಮನ್ಸ್‌ಗೆ ಇದುವರೆಗೆ ಕೊಟ್ಟಿರುವುದು ಕೊಳವೆಬಾವಿ, ಶುದ್ಧ ಕುಡಿಯುವ ನೀರಿನ ಘಟಕ, ಬತ್ತಿದ ಚಿತ್ರಾವತಿಯ ಮರಳು, ಇಂಥ ಚಿತ್ರಗಳನ್ನು ಮಾತ್ರ. ಹೊಸ ಭಿತ್ತಿಪತ್ರದ ಮೊದಲ ಪ್ರತಿಯನ್ನು ಆ ತಾಯಿಗೆ ತೋರಿಸಿ ಬಂದೆ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು, "ಇದು ಯಾರ ಹೆಸರು?" ಎಂದು ಕೇಳಿದರು. ಚಿತ್ರ ತೆಗೆದವರದು ಎಂದೆ. "ಹಲ್ಲು ಯಾರದು?" ಎಂದರು. ಯಾರದೆಂದು ತಿಳಿಯದಂತೆ ತೆಗೆದಿದ್ದಾರೆ ಎಂದಾಗ ತಲೆಯಾಡಿಸಿ, ಅಂಗನವಾಡಿಯ ಗೋಡೆಗೆ ಹಾಕಲು ಇನ್ನೊಂದು ಪ್ರತಿ ಕೇಳಿ ಇಟ್ಟುಕೊಂಡರು.