ಮೈನಸ್ 6 ಎಂದು ಬರೆದಿರುವ ಸ್ಲೀಪಿಂಗ್ ಬ್ಯಾಗ್: ಹಲವು ಚಳಿಗಾಲಗಳ ಬಳಕೆಯ ನಂತರ

ಈ ಸ್ಲೀಪಿಂಗ್ ಬ್ಯಾಗ್ ಚೆನ್ನಾಗಿದೆ. ಆದರೆ ಇದಕ್ಕೆ ಸಿಗುವ ಹೊಗಳಿಕೆಯಲ್ಲಿ ಅರ್ಧ ಪಾಲು ಇದರ ಕೆಳಗೆ ಹಾಸುವ ಮ್ಯಾಟ್‌ಗೆ ಸಲ್ಲಬೇಕು. ಹಾಗಾಗಿ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಕಿಲ್ಲ. ಇದೇ ಬಗೆಯದನ್ನು ಹಲವರು ತಯಾರಿಸುತ್ತಾರೆ, ಗುಣದೋಷಗಳೂ ಹೆಚ್ಚು ಕಡಿಮೆ ಒಂದೇ.

ನನ್ನದು ಬಾತುಕೋಳಿಯ ತುಪ್ಪುಳ ತುಂಬಿದ, ಕಾಲಿನ ಕಡೆಗೆ ಕಿರಿದಾಗುತ್ತ ಹೋಗುವ ಚೀಲ. ಫಿಲ್ ಪವರ್ 800. ಅಂದರೆ 28 ಗ್ರಾಂ ತುಪ್ಪುಳ ಉಬ್ಬಿ ನಿಂತಾಗ ಸುಮಾರು 13 ಲೀಟರ್ ಜಾಗ ತುಂಬುತ್ತದೆ. ಆ ಜಾಗದಲ್ಲಿ ಅಲುಗಾಡದೆ ನಿಲ್ಲುವ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಚೀಲ ತಾನಾಗಿ ಶಾಖ ಕೊಡುವುದಿಲ್ಲ, ನಮ್ಮ ಮೈ ಬಿಟ್ಟುಕೊಟ್ಟ ಶಾಖವನ್ನು ತಡೆದಿಡುತ್ತದೆ ಅಷ್ಟೆ. ನಡುಗುತ್ತ ಒಳಗೆ ಹೊಕ್ಕವರು ಬಹಳ ಹೊತ್ತು ನಡುಗುತ್ತಲೇ ಇರುವುದು ಇದೇ ಕಾರಣಕ್ಕೆ. ಮಲಗುವ ಮುನ್ನ ಡೇರೆಯ ಸುತ್ತ ಚುರುಕಾಗಿ ನಾಲ್ಕು ಸುತ್ತು ನಡೆದು, ಬೆವರುವ ಮೊದಲೇ ಒಳಗೆ ಸೇರಿಕೊಂಡರೆ ಅದೇ ಚೀಲ ಬೇರೆಯದೇ ಚೀಲವೆನಿಸುತ್ತದೆ. ಹೊಟ್ಟೆ ತುಂಬ ಜಿಡ್ಡಿನ ಊಟವಾಗಿದ್ದರೆ ಇನ್ನೂ ಒಳ್ಳೆಯದು.

ಚೀಲದ ಚೀಟಿಯ ಮೇಲೆ ಮೂರು ಅಂಕಿಗಳಿವೆ: ಕಂಫರ್ಟ್ ಮೈನಸ್ 6, ಲಿಮಿಟ್ ಮೈನಸ್ 13, ಎಕ್ಸ್‌ಟ್ರೀಮ್ ಮೈನಸ್ 32 ಡಿಗ್ರಿ ಸೆಲ್ಸಿಯಸ್. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಎರಡನೆಯದು. ನಂಬಬೇಕಾದದ್ದು ಮೊದಲನೆಯದು. 2002ರಲ್ಲಿ ಯುರೋಪಿನಲ್ಲಿ ಬಂದ ಇಎನ್ 13537, ಆಮೇಲೆ ಅದರ ಜಾಗಕ್ಕೆ ಬಂದ ಐಎಸ್ಒ 23537 ಮಾನದಂಡಗಳ ಪ್ರಕಾರ, ಬಿಸಿ ಮಾಡಿದ ಒಂದು ಬೊಂಬೆಯನ್ನು ಚೀಲದೊಳಗೆ ಮಲಗಿಸಿ ಈ ಅಂಕಿಗಳನ್ನು ಲೆಕ್ಕ ಹಾಕುತ್ತಾರೆ. ಕಂಫರ್ಟ್ ಎಂದರೆ ಸರಾಸರಿ ಮೈಕಟ್ಟಿನ ಹೆಣ್ಣು ಕೈಕಾಲು ಸಡಿಲ ಬಿಟ್ಟು ಮಲಗಬಹುದಾದ ಉಷ್ಣತೆ. ಲಿಮಿಟ್ ಎಂದರೆ ಸರಾಸರಿ ಗಂಡು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದದ್ದು. ಎಕ್ಸ್‌ಟ್ರೀಮ್ ನಿದ್ದೆಯ ಮಾತೇ ಅಲ್ಲ, ಜೀವ ಉಳಿಸಿಕೊಳ್ಳುವ ಮಾತು. ಅದನ್ನು ನೋಡಿ ಚೀಲ ಕೊಳ್ಳುವವರನ್ನು ಕಂಡಾಗ ನನಗೆ ಮೈಯೆಲ್ಲ ಉರಿಯುತ್ತದೆ. ಅಂಗಡಿಯವರೇ ಆ ಅಂಕಿಯನ್ನು ಮುಂದೆ ಹಿಡಿದಾಗಲಂತೂ ಇನ್ನೂ ಹೆಚ್ಚು. ನನ್ನ ಅನುಭವದಲ್ಲಿ ಮೈನಸ್ 6ರವರೆಗೆ ಈ ಚೀಲ ಕೊಟ್ಟ ಮಾತು ಉಳಿಸಿಕೊಂಡಿದೆ. ಮೈನಸ್ 10ರ ಆಸುಪಾಸಿಗೆ ಇಳಿದ ರಾತ್ರಿಗಳಲ್ಲಿ ಒಳಗೆ ಇನ್ನೊಂದು ಪದರ ಬಟ್ಟೆ ಬೇಕಾಯಿತು.

ಆ ಬೊಂಬೆಯೂ ಬರಿಯ ನೆಲದ ಮೇಲೆ ಮಲಗುವುದಿಲ್ಲ ಎಂಬುದನ್ನು ಚೀಟಿ ಹೇಳುವುದಿಲ್ಲ. ಅದರ ಮೈಮೇಲೆ ಉಡುಪಿರುತ್ತದೆ, ಕೆಳಗೆ ಮ್ಯಾಟ್ ಇರುತ್ತದೆ. ನಾವು ಮಲಗಿದಾಗ ಬೆನ್ನ ಕೆಳಗಿನ ತುಪ್ಪುಳ ನಮ್ಮದೇ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಅಲ್ಲಿ ಗಾಳಿ ಉಳಿಯುವುದಿಲ್ಲ. ನೆಲಕ್ಕೂ ಬೆನ್ನಿಗೂ ನಡುವೆ ಉಳಿಯುವುದು ಮ್ಯಾಟ್ ಒಂದೇ. ಎಷ್ಟೇ ದುಬಾರಿ ಚೀಲವಿದ್ದರೂ ತೆಳುವಾದ ಮ್ಯಾಟ್ ಮೇಲೆ ಸೊಂಟ, ಭುಜ ತಣ್ಣಗಾಗಿ ನಡುರಾತ್ರಿ ಎಚ್ಚರವಾಗುತ್ತದೆ. ದೂರು ಮಾತ್ರ ಚೀಲದ ಮೇಲೆ ಬರುತ್ತದೆ.

ಮ್ಯಾಟ್ ನೋಡುವಾಗ ಕೇಳಬೇಕಾದದ್ದು ಆರ್-ವ್ಯಾಲ್ಯೂ. ಶಾಖ ಕೆಳಗೆ ಸೋರಿಹೋಗದಂತೆ ತಡೆಯುವ ಶಕ್ತಿಯ ಅಳತೆ ಅದು. ಹಿಂದೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕವಾಗಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಮಾನದಂಡ ಬಂದ ಮೇಲೆ ಹೋಲಿಸಿ ನೋಡುವುದು ಸಾಧ್ಯವಾಯಿತು. ನಾನು ಬಳಸುವುದು ಆರ್ 4ಕ್ಕಿಂತ ಸ್ವಲ್ಪ ಮೇಲಿರುವ ಗಾಳಿ ತುಂಬುವ ಮ್ಯಾಟ್. ಅದರ ಕೆಳಗೆ ಆರ್ 2ರ ಮಡಚುವ ಫೋಮ್ ಮ್ಯಾಟ್ ಹಾಸುತ್ತೇನೆ. ಈ ಅಂಕಿಗಳನ್ನು ನೇರವಾಗಿ ಕೂಡಿಸಬಹುದು, ಆರು ದಾಟುತ್ತದೆ, ಹಿಮದ ಮೇಲೂ ಸಾಕಾಗುತ್ತದೆ. ಫೋಮ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಗಾಳಿಯ ಮ್ಯಾಟ್ ತೂತಾದರೆ ರಾತ್ರಿ ಪೂರ್ತಿ ಹಾಳಾಗುವುದಿಲ್ಲ. ಮ್ಯಾಟ್‌ಗೆ ಬಾಯಿಂದ ಊದುವುದಕ್ಕಿಂತ ಪಂಪ್ ಚೀಲ ಬಳಸುವುದು ಲೇಸು, ಉಸಿರಿನ ತೇವ ಒಳಗೆ ಸೇರಿಕೊಂಡರೆ ಹೊರಬರುವುದಿಲ್ಲ. ಸಂಜೆ ಗಟ್ಟಿಯಾಗಿ ತುಂಬಿದ ಗಾಳಿಯೂ ತಣ್ಣಗಾದಂತೆ ಕುಗ್ಗುತ್ತದೆ, ಮಲಗುವ ಮುನ್ನ ಇನ್ನೆರಡು ಸಲ ತುಂಬಬೇಕು.

ತುಪ್ಪುಳದ ದೊಡ್ಡ ಶತ್ರು ಚಳಿಯಲ್ಲ, ತೇವ. ರಾತ್ರಿಯಿಡೀ ಉಸಿರಿನಿಂದಲೂ ಚರ್ಮದಿಂದಲೂ ನೀರಾವಿ ಹೊರಡುತ್ತಲೇ ಇರುತ್ತದೆ. ಉಸಿರಿನದು ಟೆಂಟಿನ ಬಟ್ಟೆಗೆ ತಗುಲಿ ಹನಿಯಾಗುತ್ತದೆ ಅಥವಾ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಟೆಂಟ್ ಅಲುಗಿದರೆ ಮುಖದ ಮೇಲೆ ಉದುರುತ್ತದೆ. ಮೈಯಿಂದ ಹೊರಟದ್ದರಲ್ಲಿ ಒಂದಷ್ಟು ಚೀಲದ ಹೊರಪದರದ ಹತ್ತಿರ ತಣ್ಣಗಾಗಿ ತುಪ್ಪುಳದಲ್ಲೇ ನಿಂತುಬಿಡುತ್ತದೆ. ಒಂದು ರಾತ್ರಿಗೆ ಇದು ಗೊತ್ತಾಗುವುದಿಲ್ಲ. ಬಿಸಿಲು ಕಾಣದ ದಿನಗಳು ಸಾಲಾಗಿ ಬಂದರೆ ಚೀಲದ ಉಬ್ಬು ಇಳಿಯುತ್ತ ಹೋಗುವುದು ಕಣ್ಣಿಗೇ ಕಾಣುತ್ತದೆ. ಹೊರಬಟ್ಟೆಗೆ ನೀರು ನಿಲ್ಲದ ಲೇಪನವಿದೆ ಎಂಬ ಹೊಗಳಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ತೇವ ಬರುವುದು ಒಳಗಿನಿಂದ. ಒದ್ದೆ ಹವೆಯಲ್ಲಿ ಹಲವು ದಿನ ಇರುವವರು ಭಾರವಾದರೂ ಸಿಂಥೆಟಿಕ್ ಚೀಲವನ್ನೇ ನೋಡುವುದು ಒಳ್ಳೆಯದು.

ಇದಕ್ಕೆ ಮಾಡಬಹುದಾದದ್ದು ಎರಡು. ಟೆಂಟಿನ ಗಾಳಿಕಿಂಡಿಗಳನ್ನು ತೆರೆದಿಡಬೇಕು, ಚಳಿ ಎಂದು ಎಲ್ಲವನ್ನೂ ಮುಚ್ಚಿದರೆ ಬೆಳಿಗ್ಗೆ ಎಲ್ಲವೂ ಒದ್ದೆ. ಟೆಂಟ್ ಇರುವುದು ಗಾಳಿಯನ್ನೂ ಹಿಮವನ್ನೂ ತಡೆಯಲು, ಶಾಖ ಹಿಡಿದಿಡಲು ಅಲ್ಲ. ಎರಡನೆಯದಾಗಿ, ಮೂಗು ಬಾಯಿ ಚೀಲದ ಹೊರಗೇ ಇರಬೇಕು. ಹುಡ್‌ನ ಲಾಡಿ ಎಳೆದು ಮುಖದಷ್ಟೇ ಕಿಂಡಿ ಬಿಟ್ಟು, ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡರೆ ಒಳಗೆ ಉಸಿರಾಡುವ ಆಸೆಯೇ ಹುಟ್ಟುವುದಿಲ್ಲ. ಈ ಚೀಲದ ಹುಡ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಕುತ್ತಿಗೆಯ ಸುತ್ತಲಿನ ತುಪ್ಪುಳದ ಪಟ್ಟಿಯೂ ಚೆನ್ನಾಗಿದೆ, ಹೊರಳಿದಾಗ ಬಿಸಿಗಾಳಿ ಹೊರಗೆ ನುಗ್ಗದಂತೆ ತಡೆಯುತ್ತದೆ.

ಒಳಗೆ ಏನು ಧರಿಸಬೇಕು ಎಂಬ ವಾದಕ್ಕೆ ಕೊನೆಯಿಲ್ಲ. ಬರಿಮೈಯಲ್ಲಿ ಮಲಗಿದರೆ ಹೆಚ್ಚು ಬೆಚ್ಚಗಿರುತ್ತದೆ ಎನ್ನುವವರು ಇನ್ನೂ ಇದ್ದಾರೆ, ಅವರ ಜೊತೆ ವಾದಿಸುವುದನ್ನು ಬಿಟ್ಟಿದ್ದೇನೆ. ಒಣಗಿದ ಒಂದು ಜೊತೆ ಒಳಬಟ್ಟೆ, ಬೇರೆಯದೇ ಕಾಲುಚೀಲ, ಅಷ್ಟು ಸಾಕು. ದಪ್ಪ ಜಾಕೆಟ್ ತೊಟ್ಟು ಬಿಗಿಯಾದ ಚೀಲದೊಳಗೆ ನುಗ್ಗಿದರೆ ತುಪ್ಪುಳ ಒತ್ತಿಹೋಗಿ ಲಾಭ ನಷ್ಟವಾಗುತ್ತದೆ. ಜಾಕೆಟ್ಟನ್ನು ಮೇಲೆ ಹೊದೆಯುವುದು ವಾಸಿ.

ಮುಚ್ಚಳ ಭದ್ರವಾಗಿರುವ ಗಟ್ಟಿ ಬಾಟಲಿಯಲ್ಲಿ ಬಿಸಿನೀರು ತುಂಬಿ, ಕಾಲುಚೀಲದೊಳಗೆ ತೂರಿಸಿ ತೊಡೆಗಳ ನಡುವೆ ಇಟ್ಟುಕೊಳ್ಳುವುದು ನನ್ನ ನೆಚ್ಚಿನ ಉಪಾಯ. ಬೆಳಿಗ್ಗೆ ಹೆಪ್ಪುಗಟ್ಟದ ನೀರೂ ಸಿಕ್ಕಂತಾಯಿತು. ಆ ನೀರನ್ನು ಕಾಯಿಸುವುದು ಮಾತ್ರ ಹೊರಗೆ. ಮುಚ್ಚಿದ ಟೆಂಟಿನೊಳಗೆ ಒಲೆ ಹಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ, ಇದರಲ್ಲಿ ರಿಯಾಯಿತಿ ಇಲ್ಲ. ಗ್ಯಾಸ್ ಡಬ್ಬಿ ಕೊಳ್ಳುವಾಗ ಒಳಗಿನ ಮಿಶ್ರಣವನ್ನೂ ನೋಡಬೇಕು. ಸಾದಾ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೋಬ್ಯೂಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಕೈಕೊಡುವುದಿಲ್ಲ.

ಸವಕಳಿಯ ವಿಷಯಕ್ಕೆ ಬಂದರೆ, ಜಿಪ್ ಮೊದಲಿನಿಂದಲೂ ಒಳಬಟ್ಟೆಯನ್ನು ಕಚ್ಚುತ್ತಿತ್ತು, ಈಗಲೂ ಕಚ್ಚುತ್ತದೆ. ನಿದ್ದೆಗಣ್ಣಿನಲ್ಲಿ ಹೊರಗೆ ಹೋಗಬೇಕಾದಾಗ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎದೆಯ ಭಾಗದಲ್ಲಿ ಮೈಯ ಎಣ್ಣೆ ಹತ್ತಿ ತುಪ್ಪುಳ ಗಂಟುಗಂಟಾಗಿತ್ತು. ತುಪ್ಪುಳಕ್ಕೆಂದೇ ಇರುವ ಸೋಪಿನಿಂದ ಒಗೆದು, ಡ್ರೈಯರ್‌ನಲ್ಲಿ ಕಡಿಮೆ ಶಾಖಕ್ಕೆ ಟೆನಿಸ್ ಚೆಂಡುಗಳ ಜೊತೆ ತಾಳ್ಮೆಯಿಂದ ಒಣಗಿಸಿದ ಮೇಲೆ ಉಬ್ಬು ಬಹುಪಾಲು ಮರಳಿತು. ಮನೆಯಲ್ಲಿರುವಾಗ ಇದನ್ನು ಚಿಕ್ಕ ಚೀಲದಲ್ಲಿ ಅದುಮಿಡದೆ ದೊಡ್ಡ ಹತ್ತಿಚೀಲದಲ್ಲಿ ಸಡಿಲವಾಗಿ ಇಡುತ್ತೇನೆ. ಪಕ್ಕಕ್ಕೆ ತಿರುಗಿ ಮಲಗುವವರಿಗೆ ಮೊಣಕಾಲಿನ ಬಳಿ ಇದು ಇಕ್ಕಟ್ಟು, ಅಂಥವರು ಅಗಲದ ಮಾದರಿಯಲ್ಲಿ ಒಮ್ಮೆ ಒಳಗೆ ಮಲಗಿ ನೋಡಿಯೇ ಕೊಳ್ಳಬೇಕು. ಎರಡಕ್ಕೂ ಒಟ್ಟಿಗೆ ದುಡ್ಡು ಹೊಂದಿಸಲಾಗದಿದ್ದರೆ ಈ ವರ್ಷ ಮ್ಯಾಟ್ ಕೊಂಡು, ಚೀಲವನ್ನು ಬಾಡಿಗೆಗೆ ತನ್ನಿ.