ಟೂರ್ನಮೆಂಟ್ ಕಾರ್ಟ್ರಿಡ್ಜ್, ಪಾಸು, ಜೆರ್ಸಿಗೆ ಬೆಲೆ ಕಟ್ಟಲು ಪ್ರೈಸ್‌ಚಾರ್ಟಿಂಗ್ ಸಾಕೇ? ದಾವಣಗೆರೆಯಿಂದ ಒಂದು ವಿಮರ್ಶೆ

ಹಳೇ ವಿಡಿಯೊ ಗೇಮ್ ಕೂಡಿಡುವವರಿಗೆಲ್ಲ ಬೆಲೆ ತೋರಿಸುವ ಪ್ರೈಸ್‌ಚಾರ್ಟಿಂಗ್ ಜಾಲತಾಣ ಗೊತ್ತು. ಗೇಮಿನ ಹೆಸರು ಟೈಪ್ ಮಾಡಿದರೆ ಬರೀ ಕಾರ್ಟ್ರಿಡ್ಜ್‌ಗೆ (ಗೇಮಿರುವ ಕ್ಯಾಸೆಟ್ಟಿಗೆ) ಎಷ್ಟು, ಡಬ್ಬಿ ಮತ್ತು ಪುಸ್ತಿಕೆ ಸಮೇತ ಎಷ್ಟು, ಸೀಲ್ ಒಡೆಯದ್ದಕ್ಕೆ ಎಷ್ಟು, ಗ್ರೇಡ್ ಮಾಡಿಸಿದ್ದಕ್ಕೆ (ಸ್ಥಿತಿ ಪರೀಕ್ಷಿಸಿ ಅಂಕ ಕೊಡಿಸಿದ್ದಕ್ಕೆ) ಎಷ್ಟು ಅಂತ ಬೇರೆ ಬೇರೆಯಾಗಿ ತೋರಿಸುತ್ತದೆ. ಅಂಗಡಿಯಲ್ಲಿ ಮಾರಾಟವಾಗಿದ್ದ ಮಾಮೂಲಿ ಗೇಮುಗಳಿಗೆ ಇದರಷ್ಟು ಅನುಕೂಲದ ತಾಣ ಇನ್ನೊಂದಿಲ್ಲ. 5ಕ್ಕೆ 4 ಅಂಕ ಕೊಡಲು ಅಡ್ಡಿಯಿಲ್ಲ. ಆದರೆ ಸ್ಪರ್ಧೆ, ಮೇಳ, ಫೈನಲ್ ಪಂದ್ಯಗಳಲ್ಲಿ ಮಾತ್ರ ಹಂಚಿದ ಸಾಮಾನಿಗೆ ಅದೇ ತಾಣ 5ಕ್ಕೆ 2. ಅದೊಂದನ್ನೇ ನಂಬಿ ಕೊಳ್ಳುವವರೂ ಮಾರುವವರೂ ನಷ್ಟ ಮಾಡಿಕೊಳ್ಳುತ್ತಿದ್ದಾರೆ. ಹಾಗಾಗಿ ಅದರ ಜೊತೆಗೆ ಇಬೇಯ ಮಾರಾಟವಾದ ಪಟ್ಟಿಯನ್ನೂ ಹೆರಿಟೇಜ್ ಹರಾಜು ಸಂಸ್ಥೆಯ ಹಳೇ ದಾಖಲೆಯನ್ನೂ ಇಟ್ಟುಕೊಂಡು, ದಾವಣಗೆರೆಯಲ್ಲಿ ಕೂತವರು ಬೆಲೆ ಕಟ್ಟುವುದು ಹೇಗೆ ಅನ್ನುವುದನ್ನು ಇಲ್ಲಿ ನೋಡೋಣ.

ಚನ್ನಗಿರಿ, ಭೀಮಸಮುದ್ರದ ಕಡೆ ರಾಶಿ ಅಡಿಕೆಗೆ ದಿನಾ ದರ ಬರುತ್ತದೆ: ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ದರ). ಮಾದರಿ ದರಕ್ಕೆ ಅರ್ಥ ಬರುವುದು ಮಾಲು ರಾಶಿಗಟ್ಟಲೆ ಬಂದು, ಒಂದೇ ತರಹದ್ದು ಹಲವು ಕೈಗೆ ಮಾರಾಟವಾದಾಗ ಮಾತ್ರ. ಟೂರ್ನಮೆಂಟ್ ಸಾಮಾನು ಹಾಗಲ್ಲ. ವರ್ಷಕ್ಕೆ ಒಂದು ಸಲ ಮಾರಾಟವಾದರೆ ಹೆಚ್ಚು, ಮಾರಾಟವಾದ ಎರಡು ತುಂಡುಗಳು ಒಂದೇ ಸ್ಥಿತಿಯಲ್ಲಿ ಇರುವುದೂ ಅಪರೂಪ. ಅಂಥದ್ದಕ್ಕೆ ಸರಾಸರಿ ತೆಗೆಯುವ ಯಂತ್ರ ತೋರಿಸುವ ಅಂಕಿ ನೋಡಲು ಖಚಿತವಾಗಿ ಕಾಣುತ್ತದೆ, ಅದರ ಹಿಂದೆ ಒಂದೋ ಎರಡೋ ಮಾರಾಟ ಮಾತ್ರ ಇರುತ್ತದೆ.

ಉದಾಹರಣೆಗೆ 1990ರ ನಿಂಟೆಂಡೊ ವರ್ಲ್ಡ್ ಚಾಂಪಿಯನ್‌ಶಿಪ್ಸ್ ಕಾರ್ಟ್ರಿಡ್ಜ್ ತೆಗೆದುಕೊಳ್ಳಿ. ಅಮೆರಿಕದ 29 ನಗರಗಳಲ್ಲಿ ನಡೆದ ಸ್ಪರ್ಧೆ ಅದು. ಸೂಪರ್ ಮಾರಿಯೊ ಬ್ರದರ್ಸ್, ರ‍್ಯಾಡ್ ರೇಸರ್, ಟೆಟ್ರಿಸ್ ಮೂರನ್ನೂ ಸೇರಿಸಿ 6 ನಿಮಿಷ 21 ಸೆಕೆಂಡಿನಲ್ಲಿ ಆಡಬೇಕಿತ್ತು. ರ‍್ಯಾಡ್ ರೇಸರ್ ಅಂಕವನ್ನು 10ರಿಂದ, ಟೆಟ್ರಿಸ್ ಅಂಕವನ್ನು 25ರಿಂದ ಗುಣಿಸಿ ಒಟ್ಟು ಕೂಡಿಸುತ್ತಿದ್ದರು. ಬೂದು ಬಣ್ಣದವು 90, ಫೈನಲಿಸ್ಟ್‌ಗಳಿಗೆ ಸೇರಿದವು. ಚಿನ್ನದ ಬಣ್ಣದವು 26, ನಿಂಟೆಂಡೊ ಪವರ್ ಪತ್ರಿಕೆಯ ಸ್ಪರ್ಧೆಯ ಬಹುಮಾನ. ಪ್ರೈಸ್‌ಚಾರ್ಟಿಂಗ್‌ನಲ್ಲಿ ಇವಕ್ಕೂ ಪುಟ ಇದೆ, ಬೆಲೆಯೂ ಇದೆ. ಮೊದಲು ನೋಡಬೇಕಾದ್ದು ಆ ಬೆಲೆಯನ್ನಲ್ಲ, ಕೆಳಗಿರುವ ಮಾರಾಟದ ಪ್ರಮಾಣವನ್ನು. ದಿನಕ್ಕೆ ಎರಡು ಅಂತಿದ್ದರೆ ಮೇಲಿನ ಅಂಕಿಯನ್ನು ನೆಚ್ಚಬಹುದು. ಅಪರೂಪ ಅಂತಿದ್ದರೆ ಕೆಳಗೆ ಇಳಿದು ಮಾರಾಟದ ಪಟ್ಟಿಯನ್ನೇ ತೆರೆದು, ತಾರೀಖು, ಶೀರ್ಷಿಕೆ ಒಂದೊಂದೂ ಓದಬೇಕು. ನಕಲು ಮಾಡಿದ ಕಾರ್ಟ್ರಿಡ್ಜ್ ಕೂಡ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಶೀರ್ಷಿಕೆಯಲ್ಲಿ ರೀಪ್ರೊ (ಮರುತಯಾರಿ) ಅಂತ ಬರೆಯದಿದ್ದರೆ ಸೋಸುವ ಯಂತ್ರಕ್ಕೆ ಅದು ತಿಳಿಯುವುದು ಕಷ್ಟ.

ಪಾಸು, ಕೊರಳಪಟ್ಟಿ, ಸ್ವಯಂಸೇವಕರ ಟೀ ಶರ್ಟ್, ಪತ್ರಕರ್ತರಿಗೆ ಕೊಟ್ಟ ಕಿಟ್ಟು ಇವುಗಳ ವಿಷಯಕ್ಕೆ ಬಂದರೆ ಪ್ರೈಸ್‌ಚಾರ್ಟಿಂಗ್ ಹೆಚ್ಚು ಉಪಯೋಗಕ್ಕಿಲ್ಲ. ಬಹುಪಾಲು ಪುಟವೇ ಇಲ್ಲ.

ಇಲ್ಲಿ ಕೈ ಹಿಡಿಯುವುದು ಇಬೇ. ಭಾರತದ ಇಬೇ ತಾಣ 2018ರಲ್ಲೇ ಮುಚ್ಚಿತು, ಆದ್ದರಿಂದ ಅಮೆರಿಕದ ತಾಣಕ್ಕೇ ಹೋಗಬೇಕು. ಹುಡುಕಿದ ಮೇಲೆ ಮಾರಾಟವಾದವು ಅನ್ನುವ ಸೋಸಣೆಯನ್ನು ಒತ್ತದೆ ಯಾವ ಬೆಲೆಯನ್ನೂ ಬರೆದುಕೊಳ್ಳಬೇಡಿ. ಹಾಗೇ ಕಾಣುವುದೆಲ್ಲ ಕೇಳುವವರ ಆಸೆ, ಕೊಟ್ಟವರ ಲೆಕ್ಕವಲ್ಲ. ಸೋಸಿದ ಮೇಲೂ ಮೂರು ಕಡೆ ಎಡವುತ್ತಾರೆ. ಬೆಲೆಯ ಮೇಲೆ ಗೆರೆ ಎಳೆದು, ಚೌಕಾಸಿ ಒಪ್ಪಲಾಗಿದೆ ಅಂತ ಇದ್ದರೆ ಆ ಅಂಕಿ ಕೇಳಿದ ಬೆಲೆ. ಕೊಟ್ಟದ್ದು ಅದಕ್ಕಿಂತ ಕಡಿಮೆ, ಎಷ್ಟು ಕಡಿಮೆ ಅನ್ನುವುದು ಆ ಪುಟದಲ್ಲಿ ಕಾಣುವುದಿಲ್ಲ. 130ಪಾಯಿಂಟ್ ಅನ್ನುವ ಉಚಿತ ತಾಣದಲ್ಲಿ ಅದೇ ಮಾರಾಟವನ್ನು ಹುಡುಕಿದರೆ ಒಪ್ಪಿದ ಮೊತ್ತ ಬಹಳ ಸಲ ಸಿಗುತ್ತದೆ. ಎರಡನೆಯದು, ಈ ಸೋಸಣೆ ತೋರಿಸುವುದು ಸುಮಾರು 90 ದಿನದ ಮಾರಾಟವನ್ನು ಮಾತ್ರ. ಅಪರೂಪದ ಸಾಮಾನಿಗೆ ಅದು ಏನೇನೂ ಸಾಲದು. ಮಾರಾಟಗಾರರ ಖಾತೆಯಲ್ಲಿರುವ ಟೆರಾಪೀಕ್ ಅನ್ನುವ ಹುಡುಕುವ ಸೌಲಭ್ಯ ಮೂರು ವರ್ಷದವರೆಗೆ ಹಿಂದಕ್ಕೆ ಹೋಗುತ್ತದೆ, ಅದಕ್ಕಾಗಿಯಾದರೂ ಖಾತೆ ತೆರೆಯುವುದು ಒಳ್ಳೆಯದು. ಮೂರನೆಯದು, ಹರಾಜು ಮುಗಿದ ಮಾತ್ರಕ್ಕೆ ಹಣ ಬಂತು ಅಂತಲ್ಲ. ಗೆದ್ದವರು ಕೊಡದೆ ಹೋದರೆ ಅದೇ ವಸ್ತು, ಅದೇ ಗೀರು, ಅದೇ ನಂಬರಿನೊಂದಿಗೆ ಕೆಲವು ವಾರದಲ್ಲಿ ಮತ್ತೆ ಹರಾಜಿಗೆ ಬರುತ್ತದೆ. ಎತ್ತರದ ಬೆಲೆ ಕಂಡಾಗಲೆಲ್ಲ ಮುಂದಿನ ತಿಂಗಳ ಪಟ್ಟಿಯನ್ನೂ ನೋಡಿ. ಇಬೇಗೆ 5ಕ್ಕೆ 4.

ಹೆರಿಟೇಜ್ ದಾಖಲೆಗೆ ಉಚಿತವಾಗಿ ನೋಂದಾಯಿಸಿದರೆ ಹಳೇ ಹರಾಜಿನ ಬೆಲೆ, ಜೊತೆಗೆ ದೊಡ್ಡ ಗಾತ್ರದ ಫೋಟೊ ಸಿಗುತ್ತವೆ. ನಮ್ಮ ಮಟ್ಟಿಗೆ ಆ ಫೋಟೊಗಳೇ ಬೆಲೆಗಿಂತ ಹೆಚ್ಚಿನ ಸಂಪತ್ತು, ಅಸಲಿ ಲೇಬಲ್ ಹೇಗಿರುತ್ತದೆ ಅಂತ ಕಣ್ಣು ಪಳಗಿಸಲು. ಬೆಲೆ ಓದುವಾಗ ಮಾತ್ರ ಕೊಳ್ಳುವವರ ಪ್ರೀಮಿಯಂ (ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆ ಪಡೆಯುವ ಶುಲ್ಕ) ಸೇರಿದೆ ಅನ್ನುವುದನ್ನು ಮರೆಯಬಾರದು. 2021ರ ಜುಲೈನಲ್ಲಿ ಸೀಲ್ ಒಡೆಯದ ಸೂಪರ್ ಮಾರಿಯೊ 64 ಪ್ರತಿ 15.6 ಲಕ್ಷ ಡಾಲರಿಗೆ ಹೋಯಿತು. ಸುತ್ತಿಗೆ ಬಿದ್ದದ್ದು 13 ಲಕ್ಷಕ್ಕೆ, ಉಳಿದದ್ದು ಶೇ. 20ರ ಪ್ರೀಮಿಯಂ. ಅದು ಮಾರುಕಟ್ಟೆ ಉಕ್ಕಿದ್ದ ಕಾಲ, ಆಮೇಲೆ ಇಳಿದಿದೆ. 2021ರ ದಾಖಲೆ ತೋರಿಸಿ ಇವತ್ತು ಬೆಲೆ ಹೇಳುವವರ ಹತ್ತಿರ ನಂತರದ ಎರಡು ಮಾರಾಟ ತೋರಿಸಿ ಅಂತ ಕೇಳಿ.

ಇಷ್ಟೆಲ್ಲ ಬೆಲೆಯ ಮಾತು. ಟೂರ್ನಮೆಂಟ್ ಸಾಮಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಕೂತಿರುವುದು ಅದು ಅಸಲಿ ಅನ್ನುವುದಕ್ಕಿರುವ ಪುರಾವೆಯಲ್ಲಿ. ಈ ಕೆಲಸ ಯಾವ ತಾಣವೂ ಮಾಡಿಕೊಡುವುದಿಲ್ಲ, ಆದರೆ ಅದಕ್ಕೆ ಬೇಕಾದ ಕಣ್ಣುಗಳು ನಮ್ಮೂರಲ್ಲೇ ಇವೆ. ಮಂಡಿಪೇಟೆ ಸುತ್ತಿನ ಚಿನ್ನದಂಗಡಿಗಳಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಇದೆ. ಆ ಲೆನ್ಸಿನಡಿ ಲೇಬಲ್ ಅಥವಾ ಪಾಸು ಹಿಡಿಯಿರಿ. ಆಫ್‌ಸೆಟ್ ಮುದ್ರಣವಾದರೆ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ, ಪುಟ್ಟ ಹೂವಿನ ಆಕಾರದಲ್ಲಿ ಕೂತಿರುತ್ತವೆ, ಕಪ್ಪು ಅಕ್ಷರದ ಅಂಚು ಕತ್ತರಿಸಿದಂತೆ ಇರುತ್ತದೆ. ಮನೆಯ ಇಂಕ್‌ಜೆಟ್‌ನದ್ದಾದರೆ ಚುಕ್ಕಿ ಎರಚಿದ ಹಾಗೆ ಚದುರಿ, ಅಕ್ಷರದ ಅಂಚು ನಾರುನಾರಾಗಿ ಹರಡಿರುತ್ತದೆ. ಸಂಶಯ ಬಂದರೆ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವರಿಗೆ ತೋರಿಸಿ, ಒಂದು ನಿಮಿಷದಲ್ಲಿ ಹೇಳುತ್ತಾರೆ. ಆದರೆ ಪಾಸಿನ ಮೇಲಿನ ಹೆಸರು, ಬಾರ್‌ಕೋಡ್ ಪ್ರವೇಶದ್ವಾರದಲ್ಲೇ ಸಣ್ಣ ಪ್ರಿಂಟರಿನಲ್ಲಿ ಹೊಡೆದಿರಬಹುದು. ಅದು ಒರಟಾಗಿದ್ದರೆ ನಕಲಿ ಅಂತಲ್ಲ. ನೋಡಬೇಕಾದ್ದು ಹಿನ್ನೆಲೆಯ ಚಿತ್ರವನ್ನು.

ಜೆರ್ಸಿ ವಿಷಯಕ್ಕಂತೂ ಜವಳಿ ವ್ಯಾಪಾರದ ಊರಲ್ಲಿ ಚಿಂತೆಯೇ ಬೇಡ. ಪ್ರಿಂಟಿಂಗ್ ಗೊತ್ತಿರುವ ಬಟ್ಟೆ ಅಂಗಡಿಯಲ್ಲಿ "ಅಣ್ಣಾರೆ, ಇದು ಸಬ್ಲಿಮೇಷನ್ನಾ, ಶಾಖಕ್ಕೆ ಒತ್ತಿದ ಸ್ಟಿಕ್ಕರಾ?" ಅಂತ ಕೇಳಿದರೆ ಬೆರಳಲ್ಲಿ ಉಜ್ಜಿ ಹೇಳುತ್ತಾರೆ. ಸಬ್ಲಿಮೇಷನ್ ಆದರೆ ಬಣ್ಣ ನೂಲಿನೊಳಗೇ ಇಳಿದಿರುತ್ತದೆ, ಕೈಗೆ ತಾಗುವುದಿಲ್ಲ. ಸ್ಟಿಕ್ಕರ್ ಆದರೆ ಅಂಚು ಎದ್ದಿರುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಆಟಗಾರರು ಹಾಕಿದ್ದು ಇಂಥದ್ದೇ ಅಂತ ಮೊದಲೇ ತೀರ್ಮಾನಿಸಬೇಡಿ. ಆ ಪಂದ್ಯದ ಯೂಟ್ಯೂಬ್ ಪ್ರಸಾರ ತೆರೆದು, ತೋಳಿನ ಮೇಲಿನ ಪ್ರಾಯೋಜಕರ ಚಿಹ್ನೆ ಹೊಲಿಗೆಯಿಂದ ಎಷ್ಟು ಬೆರಳು ದೂರ ಇದೆ ಅಂತ ನಿಲ್ಲಿಸಿ ನಿಲ್ಲಿಸಿ ಹೋಲಿಸಿ. ಅಭಿಮಾನಿಗಳಿಗೆ ಮಾರಿದ ಜೆರ್ಸಿಯಲ್ಲಿ ಈ ಚಿಹ್ನೆಗಳು ಎಷ್ಟೋ ಸಲ ಕಡಿಮೆ ಇರುತ್ತವೆ, ಇಲ್ಲವೇ ಜಾಗ ಬದಲಾಗಿರುತ್ತದೆ.

ಕಾರ್ಟ್ರಿಡ್ಜ್ ಆದರೆ ಒಳಗೆ ನೋಡದೆ ದೊಡ್ಡ ಹಣ ಕೊಡಬೇಡಿ. ನಿಂಟೆಂಡೊದ ಹಳೇ ಗೇಮ್ ಯಂತ್ರ ಎನ್‌ಇಎಸ್‌ನ ಕಾರ್ಟ್ರಿಡ್ಜಿನ ಸ್ಕ್ರೂಗೆ 3.8 ಮಿ.ಮೀ. ಗೇಮ್‌ಬಿಟ್ ಅನ್ನುವ ವಿಶೇಷ ಸ್ಕ್ರೂಡ್ರೈವರ್ ಬೇಕು. ಸಿಕ್ಕ ಚೂರಿ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ಕಿಗೆ ಬೀಳುವ ಗೀರೇ ಬೆಲೆ ಇಳಿಸುತ್ತದೆ. ಎನ್‌ಇಎಸ್ ಕಾರ್ಟ್ರಿಡ್ಜಿಗೆ 72 ಪಿನ್ನು. ನಮ್ಮಲ್ಲಿ ಟಿವಿ ಗೇಮಿನ ಜೊತೆ ಬರುತ್ತಿದ್ದ ಹಳದಿ, ಕಪ್ಪು ಕ್ಯಾಸೆಟ್‌ಗಳಿಗೆ 60. ಎಷ್ಟು ಹಳೆಯದಾದರೂ, ಮೇಲೆ ಚಾಂಪಿಯನ್‌ಶಿಪ್ ಅಂತ ಬರೆದಿದ್ದರೂ ಅದು ಸಂತೆಯಲ್ಲಿ ಸಿಗುತ್ತಿದ್ದ ಮಾಲೇ. 1990ರ ಸ್ಪರ್ಧೆಯ ಕಾರ್ಟ್ರಿಡ್ಜಿನ ಮುಂಭಾಗದಲ್ಲಿ ಸಮಯ ಹೊಂದಿಸುವ ಚಿಕ್ಕ ಡಿಪ್ ಸ್ವಿಚ್ಚುಗಳು ಕಾಣುತ್ತವೆ, ಒಳಗೆ ಪ್ರೋಗ್ರಾಂ ಬರೆದಿಟ್ಟ, ಮೇಲೆ ಪುಟ್ಟ ಗಾಜಿನ ಕಿಟಕಿ ಇರುವ ಇಪ್ರಾಮ್ ಚಿಪ್ಪುಗಳಿವೆ. ಇಪ್ರಾಮ್ ಕಿಟಕಿಯ ಮೇಲಿನ ಸ್ಟಿಕ್ಕರನ್ನು ಕುತೂಹಲಕ್ಕೆ ಕೀಳಬಾರದು. ನೇರಳಾತೀತ ಬೆಳಕು ಬಿದ್ದರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ, ಸಾಕಷ್ಟು ಹೊತ್ತು ಬಿಸಿಲಲ್ಲಿ ಬಿಟ್ಟರೂ ಅಷ್ಟೇ.

ನಮ್ಮ ಕಡೆಯ ಇಂಜಿನಿಯರಿಂಗ್ ಹುಡುಗರ ಹತ್ತಿರ ಇರುವುದು ಇದಕ್ಕಿಂತ ಹೊಸ ಸಾಮಾನು: 2018ರ ಡಿಸೆಂಬರಿನ ಡ್ರೀಮ್‌ಹ್ಯಾಕ್ ಮುಂಬೈ, 2019ರ ಮಾರ್ಚಿನಲ್ಲಿ ಹೈದರಾಬಾದಿನಲ್ಲಿ ನಡೆದು ಟೀಮ್ ಸೋಲ್ ಗೆದ್ದ ಪಬ್‌ಜಿ ಮೊಬೈಲ್ ಇಂಡಿಯಾ ಸೀರೀಸ್ ಫೈನಲ್, ಅದೇ ವರ್ಷದ ಏಪ್ರಿಲಿನ ಇಎಸ್‌ಎಲ್ ಒನ್ ಮುಂಬೈ, ಇಂಥವುಗಳ ಪಾಸು, ಟೀ ಶರ್ಟ್. ಇವಕ್ಕೆ ವಿದೇಶದ ತಾಣದಲ್ಲಿ ಹೋಲಿಕೆಯ ಮಾರಾಟ ಸಿಗುವುದು ಕಷ್ಟ, ಕೊಳ್ಳುವವರೂ ಹೆಚ್ಚಾಗಿ ಇಲ್ಲಿಯವರೇ. ಬೆಲೆಯ ಏಣಿ ಹೀಗಿದೆ: ಎಲ್ಲರಿಗೂ ಹಂಚಿದ ಪ್ರೇಕ್ಷಕರ ಪಾಸು ಕೆಳಗೆ, ಸಿಬ್ಬಂದಿ ಮತ್ತು ಪತ್ರಕರ್ತರದ್ದು ನಡುವೆ, ಆಟಗಾರರ ಪಾಸು ಮೇಲೆ, ಆಡಿದ ಆಟಗಾರರದ್ದೇ ಜೆರ್ಸಿ ಫೋಟೊ ಪುರಾವೆಯೊಂದಿಗೆ ಎಲ್ಲಕ್ಕೂ ಮೇಲೆ. ತಾರೀಖೂ ಚಿಹ್ನೆಯೂ ತಾಳೆಯಾಗುತ್ತವೆಯೇ ಅಂತ ಮೊದಲು ನೋಡಿ. ಪಬ್‌ಜಿ ಮೊಬೈಲ್ ನಿಷೇಧವಾದದ್ದು 2020ರ ಸೆಪ್ಟೆಂಬರ್ 2ಕ್ಕೆ, ಅದರ ಬದಲಿಗೆ ಭಾರತಕ್ಕಾಗಿ ಬಿಜಿಎಂಐ ಗೇಮ್ ಬಂದದ್ದು 2021ರ ಜುಲೈ 2ಕ್ಕೆ. 2019ರ ಫೈನಲ್ ಅಂತ ಹೇಳುವ ಬಟ್ಟೆಯ ಮೇಲೆ ಬಿಜಿಎಂಐ ಚಿಹ್ನೆ ಇದ್ದರೆ ಮುಂದಿನ ಮಾತೇ ಬೇಡ. ಇನ್ನು ಬ್ಲಿಜರ್ಡ್ ಗೇಮ್ ಕಂಪನಿಯ ಬ್ಲಿಜ್‌ಕಾನ್‌ನಂಥ ಮೇಳಗಳಲ್ಲಿ ಕೊಟ್ಟ ಕೋಡ್ ಕಾರ್ಡುಗಳಿಗೆ (ಕೋಡ್ ಹಾಕಿದರೆ ಗೇಮಿನೊಳಗೆ ಉಡುಗೊರೆ ಸಿಗುತ್ತದೆ), 2005ರ ಮೊದಲ ಮೇಳದಲ್ಲಿ ಕೊಟ್ಟ ಮರ್ಕಿ ಅನ್ನುವ ಗೇಮಿನ ಸಾಕುಪ್ರಾಣಿಯ ಕಾರ್ಡಿಗೂ ಸೇರಿ, ಕೋಡ್ ಬಳಸದೆ ಉಳಿದಿದ್ದರೆ ಒಂದು ಬೆಲೆ, ಬಳಸಿದ್ದರೆ ನೆನಪಿನ ಕಾಗದದ ಬೆಲೆ. ಮಾರುವಾಗ ಕೋಡ್ ಕಾಣುವ ಫೋಟೊ ಹಾಕಿದರೆ ಯಾರೋ ಬಳಸಿಬಿಡುತ್ತಾರೆ.

ಲೆಕ್ಕ ಹಾಕುವುದು ಹೀಗೆ. ಹೋಲುವ ಪಾಸು 40, 55, 120 ಡಾಲರಿಗೆ ಹೋಗಿದೆ ಅಂದುಕೊಳ್ಳಿ. 120ರದ್ದಕ್ಕೆ ಸಹಿ ಇತ್ತು, ಪೂರ್ತಿ ಕಿಟ್ಟಿತ್ತು. ಅದನ್ನು ಸರಾಸರಿಗೆ ಸೇರಿಸಬೇಡಿ. ಉಳಿದ ಎರಡರ ನಡುವೆ, 50 ಅಂತ ಹಿಡಿಯಿರಿ. ಅಂಚೆಗೆ ಕೊಳ್ಳುವವರಿಂದ 15 ಬಂದರೆ ಒಟ್ಟು 65. ಇಬೇ ಶುಲ್ಕ ಅಂಚೆ ಖರ್ಚನ್ನೂ ಸೇರಿಸಿ ಕಟ್ಟುತ್ತದೆ. ಶೇ. 13 ಅಂತ ಇಟ್ಟುಕೊಂಡರೆ 8.45 ಹೋಯಿತು. ವಿದೇಶದ ಹಣ ತಲುಪಿಸುವ ಪಯೋನಿಯರ್ ಸೇವೆಯ ಮೂಲಕ ರೂಪಾಯಿಗೆ ಬದಲಾಗುವಾಗ ಶೇ. 2 ಅಂದರೆ ಇನ್ನೂ 1.13. ಅಂಚೆಗೆ 15 ಕೊಟ್ಟ ಮೇಲೆ ಕೈಗೆ ಸುಮಾರು 40 ಡಾಲರ್. ಹಾಗಾಗಿ ಇಲ್ಲೇ ಪಕ್ಕದೂರಿನವರು 40 ಡಾಲರಿನಷ್ಟು ರೂಪಾಯಿ ಕೈಗಿಟ್ಟರೆ ಅದು ಕಡಿಮೆ ಬೆಲೆಯಲ್ಲ. ಅದೇ ಪಾಸನ್ನು ಹೊರಗಿಂದ ತರಿಸಿಕೊಳ್ಳುವವರಿಗೆ 50ರ ಮೇಲೆ ಅಂಚೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಬೀಳುತ್ತವೆ. ಮಾರುವ ಬೆಲೆ, ತರಿಸುವ ಬೆಲೆ ಎರಡನ್ನೂ ಬೇರೆ ಬೇರೆ ಬರೆದಿಡಿ. ಕಳೆದುಹೋದರೆ ಮತ್ತೆ ಕೊಳ್ಳಲು ಎಷ್ಟು ಬೇಕು ಅಂತ ಕೇಳಿದಾಗ ಹೇಳಬೇಕಾದ್ದು ಎರಡನೆಯದನ್ನು.

ಗ್ರೇಡಿಂಗ್ ಬಗ್ಗೆ ಬಹಳ ಹೇಳುವುದಿಲ್ಲ. ಗೇಮುಗಳಿಗೆ ವಾಟಾ, ಕಾರ್ಡು ಮತ್ತು ಟಿಕೆಟ್‌ಗಳಿಗೆ ಪಿಎಸ್‌ಎ ಅನ್ನುವ ಗ್ರೇಡಿಂಗ್ ಸಂಸ್ಥೆಗಳು ಹೆಸರಾಗಿವೆ. ಎರಡೂ ಅಮೆರಿಕದವು, ಹೋಗುವ ಬರುವ ಖರ್ಚು, ವಿಮೆ, ವಾಪಸು ಬರುವಾಗ ಕಸ್ಟಮ್ಸಿನ ಕಾಗದಪತ್ರ ಎಲ್ಲ ನಮ್ಮ ತಲೆಯ ಮೇಲೆ. ಗ್ರೇಡ್ ಆದ ಮೇಲೆ ಏರುವ ಬೆಲೆ ಈ ಖರ್ಚಿನ ಮೂರು ಪಟ್ಟು ಇರದಿದ್ದರೆ ಕಳಿಸಬೇಡಿ.

ನಮ್ಮ ಹವೆಯೂ ಬೆಲೆಯನ್ನು ತಿನ್ನುತ್ತದೆ. ಏಪ್ರಿಲ್, ಮೇನಲ್ಲಿ ದಾವಣಗೆರೆ, ಚಿತ್ರದುರ್ಗದ ಆರ್‌ಸಿಸಿ ಮನೆಯ ಅಟ್ಟದಲ್ಲಿಟ್ಟರೆ ಲೇಬಲಿನ ಅಂಟು ಕರಗಿ ಜಾರುತ್ತದೆ, ಲ್ಯಾಮಿನೇಷನ್ ಗುಳ್ಳೆ ಏಳುತ್ತದೆ. ಗೋಡೆಗೆ ಒತ್ತಿದ ಕಪಾಟಿನಲ್ಲಿ ಮಳೆಗಾಲಕ್ಕೆ ಗೆದ್ದಲು. ಕಾಗದಕ್ಕೆ ಪಾಲಿಪ್ರಾಪಿಲೀನ್ ಅಥವಾ ಮೈಲಾರ್ ಕವರ್ ಬಳಸಿ, ಸ್ಟೇಷನರಿ ಅಂಗಡಿಯ ಮೆತ್ತನೆ ಪಿವಿಸಿ ಕವರು ಬೇಡ, ವರ್ಷ ಕಳೆದಂತೆ ಅದು ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಬಟ್ಟೆ ಜೊತೆ ಇಡುತ್ತೇವೆ ಅಂತ ನುಸಿಗುಳಿಗೆ ಹಾಕುವವರಿದ್ದಾರೆ. ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಪಾರದರ್ಶಕ ಡಬ್ಬಿ ಮಬ್ಬಾಗಿ ಒಳಗಿನ ವಸ್ತುವಿಗೆ ಅಂಟಿಕೊಂಡರೆ ಬಿಡಿಸಲಾಗದು. ಸಿಲಿಕಾ ಜೆಲ್ ಪೊಟ್ಟಣ ಸಾಕು, ಅದೂ ಮಳೆಗಾಲಕ್ಕೆ.

ಪ್ರೈಸ್‌ಚಾರ್ಟಿಂಗ್‌ನ ಹಣ ಕೊಟ್ಟು ಪಡೆಯುವ ಚಂದಾ ಮಾಮೂಲಿ ಗೇಮುಗಳನ್ನು ರಾಶಿಯಾಗಿ ಕೊಂಡು ಮಾರುವ ಅಂಗಡಿಯವರಿಗೆ ಉಪಯೋಗಕ್ಕೆ ಬರುತ್ತದೆ. ಹತ್ತಿಪ್ಪತ್ತು ಟೂರ್ನಮೆಂಟ್ ಸಾಮಾನು ಇಟ್ಟುಕೊಂಡವರಿಗೆ ಉಚಿತ ಖಾತೆಯೇ ಸಾಕು. ಚಂದಾ ಹಣದಲ್ಲಿ ಹತ್ತು ಪಟ್ಟಿನ ಒಳ್ಳೆಯ ಲೆನ್ಸ್ ಒಂದು, ಗೇಮ್‌ಬಿಟ್ ಒಂದು ತರಿಸಿಕೊಳ್ಳಿ.